ಕೈ ಉದ್ದ, ಬೊಗಸೆ ಚಿಕ್ಕದು

ಯಂತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಕರಾವಳಿಯಲ್ಲಿ ಮೂವತ್ತು ವರ್ಷ ಹಿಟಾಚಿ ಓಡಿಸಿ ನಿವೃತ್ತರಾದ ಆಪರೇಟರ್ ಒಬ್ಬರ ಉತ್ತರ.

ಪ್ರಶ್ನೆ: ನಮ್ಮ ಜೆಟ್ಟಿಯ ಹೂಳು ತೆಗೆಯಲು ಲಾಂಗ್ ಬೂಮ್ ಹಿಟಾಚಿ ಬಂದಿದೆ. ಕೈ ತೆಂಗಿನಮರದಷ್ಟು ಉದ್ದ, ತುದಿಯಲ್ಲಿ ಮಾತ್ರ ಆಟಿಕೆಯಂಥ ಬಕೆಟ್. ಗಂಟೆ ಲೆಕ್ಕದ ಬಾಡಿಗೆ ಏರಲಿ ಅಂತ ಹೀಗೆ ಮಾಡ್ತಾರಾ?
– ಮೀನುಗಾರರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಇಲ್ಲ ಮಾರಾಯ್ರೆ, ಬಕೆಟ್ ವಿಷಯದಲ್ಲಿ ಮೋಸ ಇಲ್ಲ. (ಬಾಡಿಗೆ ಲೆಕ್ಕ ನೀವೇ ನೋಡಿಕೊಳ್ಳಿ.) ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಒಂದು ಫರ್ಲಾಂಗ್ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿಯಿರಿ, ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. 20 ಟನ್ನಿನ ಮಾಮೂಲಿ ಯಂತ್ರ ಸುಮಾರು 10 ಮೀಟರ್ ದೂರಕ್ಕೆ ಚಾಚುತ್ತದೆ, ಬಕೆಟ್ಟಿಗೆ ಹತ್ತಿರಹತ್ತಿರ 1 ಘನ ಮೀಟರ್ ಹಿಡಿಯುತ್ತದೆ. ಅದೇ ಯಂತ್ರಕ್ಕೆ 15 ಮೀಟರ್ ದಾಟುವ ಕೈ ಕಟ್ಟಿದರೆ ಬಕೆಟ್ ಅರ್ಧಕ್ಕೆ ಇಳಿಯಲೇಬೇಕು. ಯಂತ್ರ ಮುಂದಕ್ಕೆ ಮಗುಚದಿರಲಿ ಅಂತ ಹಿಂದೆ ಇಡುವ ಭಾರವನ್ನೂ (ಕೌಂಟರ್‌ವೇಟ್) ಹೆಚ್ಚಿಸುತ್ತಾರೆ. ಅದೂ ಒಂದು ಹದದವರೆಗೆ ಮಾತ್ರ, ಯಾಕೆಂದರೆ ಅಷ್ಟು ಉದ್ದದ ಕೈ ತನ್ನ ಭಾರವನ್ನೇ ಹೊತ್ತು ಸುಸ್ತಾಗಿರುತ್ತದೆ.

ನೀರಿನಲ್ಲಿ ಇನ್ನೊಂದು ಕಿತಾಪತಿ ಇದೆ. ನೀರು ಕುಡಿದ ಮರಳು ಒಂದು ಘನ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ. ಮುಳುಗಿರುವಷ್ಟು ಹೊತ್ತು ಕಡಲೇ ಅರ್ಧ ಹೊತ್ತಿರುತ್ತದೆ, ಆಪರೇಟರ್ ಕೈಯಲ್ಲಿ ಹಿಡಿದ ಲಿವರಿಗೆ ಒಂದೇ ಟನ್ನಿನಂತೆ ತೋರುತ್ತದೆ. ಬಕೆಟ್ ನೀರಿನಿಂದ ಮೇಲೆ ಬಂತೋ, ಭಾರ ಇಮ್ಮಡಿ. ಯಂತ್ರವನ್ನು ಹೊತ್ತು ತೇಲುವ ಚಪ್ಪಟೆ ವೇದಿಕೆ, ಅಂದರೆ ಪಾಂಟೂನ್, ಮೂತಿ ತಗ್ಗಿಸುವುದು ಆಗಲೇ. ಬಕೆಟ್ಟಿಗೆ ತೂತು ಕೊರೆಯುವುದು ಅದಕ್ಕೇ, ಎತ್ತುವಾಗ ನೀರಾದರೂ ಸೋರಿಹೋಗಲಿ ಅಂತ.

ಈ ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಅಳಿವೆಯ ಒಳಗೆ ಕೆಲಸ. ಪಾಂಟೂನಿನ ತುದಿಯಿಂದ ತೆಗೆಯಬೇಕಾದ್ದನ್ನು ಅವಸರಕ್ಕೆ ಬಿದ್ದು ಅಡ್ಡಕ್ಕೆ ತಿರುಗಿ ತೆಗೆದೆ. ಪಾಂಟೂನಿಗೆ ಉದ್ದದ ದಿಕ್ಕಿನಲ್ಲಿರುವ ಗಟ್ಟಿತನ ಅಡ್ಡದಲ್ಲಿ ಇರುವುದಿಲ್ಲ. ಬಕೆಟ್ ಮೇಲೆ ಬಂದದ್ದೇ ತಡ, ಡೆಕ್ ವಾಲಿ ನನ್ನ ಬುತ್ತಿ, ಹೆಲ್ಪರ್ ಹುಡುಗನ ಚಪ್ಪಲಿ, ಗ್ರೀಸ್ ಡಬ್ಬಿ ಎಲ್ಲ ಸಾಲಾಗಿ ಜಾರಿ ನೀರಿಗೆ. ಯಂತ್ರವನ್ನು ಡೆಕ್ಕಿಗೆ ಸರಪಳಿ ಹಾಕಿ ಕಟ್ಟಿದ್ದರಿಂದ ಇವತ್ತು ಈ ಉತ್ತರ ಬರೆಯುತ್ತಿದ್ದೇನೆ. ಬಕೆಟ್ಟನ್ನು ಮತ್ತೆ ನೀರಿಗಿಳಿಸಿದ ಮೇಲೆ ಡೆಕ್ ಸಮ ಆಯಿತು. ಆ ಹುಡುಗ ಮಾತ್ರ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನು ಆಳದ ಲೆಕ್ಕ. ಯಂತ್ರ 11 ಮೀಟರ್ ತೋಡುತ್ತದೆ ಅಂತ ಪುಸ್ತಕದಲ್ಲಿ ಬರೆದಿದ್ದರೆ ಅದು ಯಂತ್ರ ನಿಂತ ನೆಲದಿಂದ ಕೆಳಕ್ಕೆ. ಪಾಂಟೂನಿನ ಡೆಕ್ ನೀರಿಗಿಂತ ಒಂದು ಮೀಟರ್ ಮೇಲಿದ್ದರೆ ಅಷ್ಟು ಕಳೆಯಿರಿ. ಭರತ ಬಂದಾಗ ಡೆಕ್ಕೇ ಮೇಲೇಳುತ್ತದೆ, ಅದನ್ನೂ ಕಳೆಯಿರಿ. ಕೆಸರು ನೀರಿನಲ್ಲಿ ಬಕೆಟ್ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನಾವು ಯಂತ್ರದ ಕೈಗೆ ಅರ್ಧ ಮೀಟರಿಗೊಂದು ಬಿಳಿ ಪಟ್ಟಿ ಬಳಿದುಕೊಂಡು, ನೀರು ಯಾವ ಪಟ್ಟಿ ಮುಟ್ಟಿತು ಅಂತ ನೋಡುತ್ತಿದ್ದೆವು. ಈಗಿನ ಹುಡುಗರಿಗೆ ಸೆನ್ಸರ್, ಜಿಪಿಎಸ್ ಸೇರಿ ಪರದೆಯ ಮೇಲೆ ಬಕೆಟ್ಟಿನ ಹಲ್ಲನ್ನೇ ತೋರಿಸುತ್ತವೆ. ಅದೃಷ್ಟವಂತರು.

ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಹೇಗೂ 61 ದಿನ ರಜೆ. ಆಗ ಅಳಿವೆಯ ಹೂಳು ತೆಗೆದರೆ ಯಾರಿಗೂ ತೊಂದರೆ ಇಲ್ಲವಲ್ಲ?
– ಓದುಗರೊಬ್ಬರು, ಭಟ್ಕಳ

ಉತ್ತರ: ನಿಮ್ಮ ದೋಣಿ ಕಡಲಿಗೆ ಇಳಿಯದ ಕಾಲದಲ್ಲಿ ನಮ್ಮ ಪಾಂಟೂನ್ ಇಳಿಯುತ್ತದೆಯೇ? ಪಾಂಟೂನ್ ಅಲ್ಲಾಡದಿರಲಿ ಅಂತ ಸ್ಪಡ್ ಎಂಬ ಕಬ್ಬಿಣದ ಕಾಲುಗಳನ್ನು ತಳಕ್ಕೆ ಊರಿರುತ್ತೇವೆ. ಮಳೆಗಾಲದ ಅಲೆ ಇಡೀ ಪಾಂಟೂನನ್ನು ಎತ್ತಿ ಕುಕ್ಕಿದರೆ ಆ ಕಾಲುಗಳು ಬಾಗುತ್ತವೆ. ಅದೂ ಅಲ್ಲದೆ ಘಟ್ಟದ ಮಣ್ಣು ಹೊಳೆಯಲ್ಲಿ ಇಳಿದು ಬರುವುದೇ ಆ ತಿಂಗಳುಗಳಲ್ಲಿ. ಜೂನ್‌ನಲ್ಲಿ ತೆಗೆದ ಗುಂಡಿ ಆಗಸ್ಟ್‌ಗೆ ಮುಚ್ಚಿಕೊಂಡರೆ ಬಿಲ್ಲು ಮಾತ್ರ ಉಳಿಯುತ್ತದೆ. ಹಾಗಾಗಿ ಮಳೆ ನಿಂತ ಮೇಲೆ, ನಿಮ್ಮ ದೋಣಿಗಳ ನಡುವೆಯೇ, ನಿಮ್ಮಿಂದ ಬೈಸಿಕೊಳ್ಳುತ್ತಲೇ ಮಾಡಬೇಕು. ದಕ್ಕೆಯ ಒಳಗೆ, ಅಲೆ ತಾಗದ ಜಾಗದಲ್ಲಾದರೆ ಮಳೆಯಲ್ಲೂ ಮಾಡಿದ್ದುಂಟು.

ಪ್ರಶ್ನೆ: 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಬಿದ್ದ ಹಡಗನ್ನು, ಫೋಟೋಗಳಲ್ಲಿ ಅದರ ಪಕ್ಕ ಕಂಡ ಆ ಪುಟ್ಟ ಹಿಟಾಚಿಯೇ ಬಿಡಿಸಿತೇ?
– ಪಿಯು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಒಂದೇ ಬಿಡಿಸಲಿಲ್ಲ ಮಗಾ. ‘ಎವರ್ ಗಿವನ್’ 400 ಮೀಟರ್ ಉದ್ದದ ಹಡಗು, ಮಾರ್ಚ್ 23ಕ್ಕೆ ಸಿಕ್ಕಿಕೊಂಡದ್ದು 29ಕ್ಕೆ ತೇಲಿತು. ಮರಳನ್ನು ಹೀರಿ ತೆಗೆಯುವ ಡ್ರೆಜರ್, ಎಳೆಯುವ ಟಗ್‌ಗಳು, ಹುಣ್ಣಿಮೆಯ ದೊಡ್ಡ ಭರತ ಎಲ್ಲ ಸೇರಿ ಆದ ಕೆಲಸ ಅದು. ಆದರೆ ಹಡಗಿನ ಮೂತಿ ಹೂತಿದ್ದ ದಡದಲ್ಲಿ ಕಲ್ಲು-ಮಣ್ಣು ಬಿಡಿಸಲು ಹಿಟಾಚಿಯೇ ಬೇಕಿತ್ತು. ಆ ಫೋಟೋ ನೋಡಿ ಲೋಕವೆಲ್ಲ ನಗುತ್ತಿದ್ದಾಗ ಅದರೊಳಗೆ ಕೂತವನ ಬೆನ್ನು ಎಷ್ಟು ನೋಯುತ್ತಿತ್ತೋ ಅಂತ ನಾನು ಯೋಚಿಸುತ್ತಿದ್ದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲಾಂಗ್ ಬೂಮ್ ಒಂದು ಮಾರಾಟಕ್ಕಿದೆ. ತೆಗೆದುಕೊಳ್ಳಲೇ? ಕಡಲ್ಕೊರೆತದ ತಡೆಗೋಡೆ ಕೆಲಸವೂ ಸಿಗಬಹುದು.
– ಹೊಸ ಗುತ್ತಿಗೆದಾರ, ಕುಮಟಾ

ಉತ್ತರ: ಗೋಡೆಯ ಇಳಿಜಾರನ್ನು ಹದ ಮಾಡಲು ಆದೀತು. ಎರಡು-ಮೂರು ಟನ್ನಿನ ಬಂಡೆಯನ್ನು ದೂರಕ್ಕೆ ಇಡುವ ಆಸೆ ಬಿಡಿ, ಅದಕ್ಕೆ ಗಿಡ್ಡ ಕೈಯ ಭಾರಿ ಯಂತ್ರವೋ ಕ್ರೇನೋ ಬೇಕು. ನೋಡಲು ಹೋದಾಗ ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಬೂಮಿನ ವೆಲ್ಡಿಂಗ್ ಗೆರೆಗಳನ್ನು ಬಟ್ಟೆಯಲ್ಲಿ ಒರೆಸಿ ಬಿರುಕು ಹುಡುಕಿ. ಕೈ ಪೂರ್ತಿ ಚಾಚಿಸಿ, ಬಕೆಟ್ಟನ್ನು ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಿ, ಯಾರಾದರೂ ಅದನ್ನು ಅಡ್ಡಕ್ಕೆ ದೂಡಲಿ. ಕೀಲಿನ ಪಿನ್ನು-ಬುಷ್ ಸವೆದಿದ್ದರೆ ಬುಡದಲ್ಲಿ ಕೂದಲೆಳೆಯಷ್ಟಿರುವ ಸಡಿಲ 15 ಮೀಟರ್ ಆಚೆ ಗೇಣಾಗಿ ಕಾಣುತ್ತದೆ. ಮೇಲಿನ ಭಾಗ ತಿರುಗುವ ದೊಡ್ಡ ಬೇರಿಂಗ್ ಕಟಕಟ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಉಪ್ಪುನೀರಿನಲ್ಲಿ ದುಡಿದ ಯಂತ್ರವೇ ಅಂತಲೂ ಕೇಳಿ. ಮಾಲೀಕರು ‘ಕೆರೆಯಲ್ಲಿ ಮಾತ್ರ’ ಅನ್ನುತ್ತಾರೆ. ನೀವು ಬಗ್ಗಿ ಚೈನಿನ ಸಂದಿಗೆ ಟಾರ್ಚ್ ಬಿಡಿ, ಕಪ್ಪೆಚಿಪ್ಪಿನ ಚೂರು ಸಿಕ್ಕಿದರೆ ಅದು ಯಾವ ಕೆರೆ ಅಂತ ಗೊತ್ತಾಗುತ್ತದೆ.