ಕಲ್ಲಿನೊಳಗಿನ ತೆರ್ಮೆ ಸೊಪ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕ ಕಲ್ಲೊಂದನ್ನು ಒಡೆದರೆ, ಒಳಗೆ ತೆರ್ಮೆ ಸೊಪ್ಪಿನಂಥ (ಜರೀಗಿಡದ ಎಲೆಯಂಥ) ಕಪ್ಪು ಗುರುತು. ಇದು ಪಳೆಯುಳಿಕೆಯೇ? ನಮ್ಮ ಹವ್ಯಾಸಿ ಬಳಗದಲ್ಲಿ ಇದರ ಬಗ್ಗೆ ಎರಡು ಮಾತಿದೆ. (ಸೋಮವಾರಪೇಟೆ)

ಉತ್ತರ: ಅಲ್ಲ. ಕೊಡಗಿನ ಬಂಡೆಗಳು ಹೆಚ್ಚಾಗಿ ನೈಸ್, ಚಾರ್ನೊಕೈಟ್ ಜಾತಿಯವು. ಬಹುಪಾಲು 300 ಕೋಟಿ ವರ್ಷಕ್ಕೂ ಹಿಂದಿನವು, ನೆಲದಾಳದಲ್ಲಿ ಬೆಂದು ಮತ್ತೆ ಹರಳುಗಟ್ಟಿದವು. ಜರೀಗಿಡ ಭೂಮಿಯಲ್ಲಿ ಹುಟ್ಟಿ 40 ಕೋಟಿ ವರ್ಷವೂ ಆಗಿಲ್ಲ. ನಿಮಗೆ ಸಿಕ್ಕಿರುವುದು ಡೆಂಡ್ರೈಟ್. ಬಿರುಕಿಗೆ ಇಳಿದ ನೀರಿನಲ್ಲಿದ್ದ ಮ್ಯಾಂಗನೀಸ್, ಆಕ್ಸೈಡಾಗಿ ಕವಲೊಡೆಯುತ್ತ ಕಲ್ಲಿಗೆ ಅಂಟಿದೆ, ಅಷ್ಟೆ.

ಬಳಗದವರನ್ನು ಒಪ್ಪಿಸಲು 10 ಪಟ್ಟಿನ ಲೆನ್ಸ್ ಸಾಕು. ಎಲೆಯಾದರೆ ನಡುನರ ಕಾಣಬೇಕು, ಕಿರುಎಲೆಗಳು ಒಂದು ಅಳತೆಯಲ್ಲಿರಬೇಕು. ಡೆಂಡ್ರೈಟಿಗೆ ನರವಿಲ್ಲ, ಕವಲುಗಳು ಸಾಮಾನ್ಯವಾಗಿ ಬಿರುಕಿನ ಅಂಚಿನಿಂದ ಹೊರಟು ಒಳಕ್ಕೆ ಹರಡುತ್ತವೆ. ಆಮೇಲೂ ಜಗಳ ಮುಗಿಯದಿದ್ದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಬಿಡಿ. ಮ್ಯಾಂಗನೀಸ್ ಆಕ್ಸೈಡಾದರೆ ನೊರೆ ಏಳುತ್ತದೆ. ಆದರೆ ಕೊಳೆತ ಎಲೆ ಬೆರೆತ ತೋಟದ ಮಣ್ಣಿಗೂ ನೊರೆ ಬರುತ್ತದೆ, ಮೋಸಹೋಗುವುದು ಅಲ್ಲೇ. ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಗುರುತಿಲ್ಲದ ಜಾಗಕ್ಕೂ ಒಂದು ಹನಿ ಹಾಕಿ ಹೋಲಿಸಿ.

ಪ್ರಶ್ನೆ: ತೋಡಿನ ಮರಳಿನಲ್ಲಿರುವ ಕೆಂಪು ಹರಳುಗಳನ್ನು ಬೇರೆ ಮಾಡಿ ಮಕ್ಕಳಿಗೆ ತೋರಿಸುವುದು ಹೇಗೆ? (ಮಡಿಕೇರಿ)

ಉತ್ತರ: ಅವು ಗಾರ್ನೆಟ್ ಇರಬೇಕು. ತೋಡು ತಿರುಗುವ ಕಡೆ ಒಳಬದಿಯಿಂದ, ಇಲ್ಲವೇ ದೊಡ್ಡ ಕಲ್ಲಿನ ಹಿಂಬದಿಯಿಂದ ಮರಳು ತೆಗೆಯಿರಿ. ನೀರಿನ ವೇಗ ತಗ್ಗುವ ಅಲ್ಲಿ ಭಾರದ ಕಾಳು ನಿಲ್ಲುತ್ತದೆ. ಸುಮಾರು 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸೋಸಿ, ಎರಡು ಹಿಡಿಯಷ್ಟನ್ನು ಅಂಚಿರುವ ತಟ್ಟೆಗೆ ಹಾಕಿ ನೀರಿನಲ್ಲಿ ಮುಳುಗಿಸಿ. ಮೊದಲು ತಟ್ಟೆಯನ್ನು ಮಟ್ಟವಾಗಿಟ್ಟು ಅರ್ಧ ನಿಮಿಷ ಅಲುಗಾಡಿಸಬೇಕು. ಅವಸರದವರು ಇದನ್ನು ಬಿಟ್ಟು ನೇರ ಓರೆ ಮಾಡುತ್ತಾರೆ, ಮರಳಿನ ಜೊತೆ ಗಾರ್ನೆಟ್ಟೂ ತೊಳೆದುಹೋಗುತ್ತದೆ. ಭಾರದ್ದು ತಳಕ್ಕೆ ಇಳಿದ ಮೇಲೆ ಅಕ್ಕಿ ಜಾಲಿಸುವ ಹಾಗೆ ಸ್ವಲ್ಪಸ್ವಲ್ಪವೇ ಓರೆ ಮಾಡಿ ಬಿಳಿ ಮರಳನ್ನು ಹೊರಹಾಕಿ.

ಉಳಿದ ಕಪ್ಪು-ಕೆಂಪು ಪುಡಿಯನ್ನು ಪೂರ್ತಿ ಒಣಗಿಸಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲಿಂದ ಆಡಿಸಿ. ಕಪ್ಪು ಮ್ಯಾಗ್ನೆಟೈಟ್ ಎದ್ದು ಬರುತ್ತದೆ. ಕವರಿಲ್ಲದೆ ಹಿಡಿದರೆ ಆ ಪುಡಿಯನ್ನು ಬಿಡಿಸಲು ಸಂಜೆಯಾದೀತು. ಹಾರ್ಡ್‌ಡಿಸ್ಕಿನ ನಿಯೋಡಿಮಿಯಂ ಅಯಸ್ಕಾಂತ ಬೇಡ: ಗಾರ್ನೆಟ್ಟಿನಲ್ಲೂ ಕಬ್ಬಿಣವಿರುವುದರಿಂದ ಅದೂ ಜಿಗಿದು ಅಂಟಬಹುದು.

ಇದೆಲ್ಲ ಸ್ವಂತ ತೋಟದ ತೋಡಿನಲ್ಲಿ ಮಾತ್ರ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳಲ್ಲಿ ಅಗೆಯುವುದು ಅಪರಾಧ. ಹರಳುಕಲ್ಲು ದಂಧೆ ನಡೆದಿರುವ ಜಿಲ್ಲೆಯಿದು; ಕಾಡಂಚಿನಲ್ಲಿ ಜರಡಿ ಹಿಡಿದು ನಿಂತವರನ್ನು ಯಾರೂ ಹವ್ಯಾಸಿಗಳೆಂದು ನಂಬುವುದಿಲ್ಲ.

ಪ್ರಶ್ನೆ: ಹಾಗಾದರೆ ನಿಜವಾದ ಪಳೆಯುಳಿಕೆ ನೋಡಲು ಎಲ್ಲಿಗೆ ಹೋಗಬೇಕು? (ವಿರಾಜಪೇಟೆ)

ಉತ್ತರ: ತುಮಕೂರು ಜಿಲ್ಲೆಯ ದೊಡ್ಡಗುಣಿ ಕಡೆ ಸ್ಟ್ರೊಮ್ಯಾಟೊಲೈಟುಗಳಿವೆ, 250 ಕೋಟಿ ವರ್ಷಕ್ಕೂ ಹಿಂದೆ ಸೂಕ್ಷ್ಮಜೀವಿಗಳ ಪದರದ ಮೇಲೆ ಪದರ ಕೂತು ಆದ ಕಲ್ಲು. ಶಂಖದಂಥ ಅಮೋನೈಟ್ ಬೇಕಾದರೆ ತಮಿಳುನಾಡಿನ ಅರಿಯಲೂರಿನ ತನಕ ಹೋಗಬೇಕು. ಸ್ಟ್ರೊಮ್ಯಾಟೊಲೈಟಿಗೆ ಸುತ್ತಿಗೆ ಮುಟ್ಟಿಸಬೇಡಿ, ಚೂರಿನಲ್ಲಿ ಏನೂ ತಿಳಿಯುವುದಿಲ್ಲ. ಕಲ್ಲಿಗೆ ನೀರು ಚಿಮುಕಿಸಿ, ಪಕ್ಕದಲ್ಲಿ ಸ್ಕೇಲಿಟ್ಟು, ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ.

ಪ್ರಶ್ನೆ: ಜುಲೈನಲ್ಲಿ ಬಳಗದ ಜೊತೆ ರಸ್ತೆ ಬದಿಯ ಬರೆಗಳನ್ನು (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣು-ಕಲ್ಲಿನ ಗೋಡೆಗಳನ್ನು) ನೋಡಲು ಹೋಗಬಹುದೇ? (ಮಡಿಕೇರಿ)

ಉತ್ತರ: ಬೇಡ. 2018ರ ಆಗಸ್ಟಿನ ಭೂಕುಸಿತ ನೋಡಿದ ಊರಿನವರು ಕೇಳುವ ಪ್ರಶ್ನೆಯೇ ಇದು? ಬರೆಯ ಮೇಲ್ಭಾಗದ ಮಣ್ಣು ನೀರು ಕುಡಿದು ತೂಗುತ್ತಿರುತ್ತದೆ. ಡಿಸೆಂಬರ್ ಕಳೆದ ಮೇಲೆ ಹೋಗಿ, ಆಗಲೂ ಬರೆಯ ಎತ್ತರದಷ್ಟು ದೂರ ನಿಂತು ನೋಡಿ.