ಬ್ರಾಂಡಿಸ್ ಅವರ ನಾಲ್ಕು ಕೋಲುಗಳು

ಧಾರವಾಡದ ಸಪ್ತಾಪುರದಲ್ಲಿ ಅರಣ್ಯ ಇಲಾಖೆಯ ಪರೀಕ್ಷೆಗೆ ಓದುತ್ತಿದ್ದೇನೆ, ಡೈಟ್ರಿಚ್ ಬ್ರಾಂಡಿಸ್ ಬಗ್ಗೆ 1864 ಎಂಬ ಇಸವಿ ಬಿಟ್ಟು ಇನ್ನೇನು ತಿಳಿದಿರಬೇಕು ಎಂದು ಕೇಳಿದ್ದೀರಿ.

ಇಸವಿ ಸರಿ, ಆ ವರ್ಷ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಆದರೆ ಅವರನ್ನು ಬರ್ಮಾದ ತೇಗದ ಕಾಡಿನಲ್ಲಿ, ಆನೆಯ ಮೇಲೆ ನೋಡಬೇಕು. 1856ರಲ್ಲಿ ಪೆಗು ಕಾಡುಗಳ ಹೊಣೆ ಹೊತ್ತ ಈ ಜರ್ಮನ್ ಸಸ್ಯವಿಜ್ಞಾನಿಗೆ ಬಿದಿರುಮೆಳೆಗಳ ನಡುವೆ ಪುಸ್ತಕ ಬಿಚ್ಚಿ ಬರೆಯುವುದು ಆಗದ ಮಾತಾಗಿತ್ತು. ಎಡಗೈಯಲ್ಲಿ ನಾಲ್ಕು ಕೋಲು, ಬಲಗೈಯಲ್ಲಿ ಚಾಕು. ತೇಗ ಕಂಡಾಗಲೆಲ್ಲ ಅದರ ಗಾತ್ರಕ್ಕೆ ತಕ್ಕ ಕೋಲಿನ ಮೇಲೆ ಒಂದು ಗೀರು. ದಿನದ ಕೊನೆಗೆ ಗೀರುಗಳನ್ನು ಎಣಿಸಿದರೆ ಆ ದಾರಿಯ ಮರಗಳ ಲೆಕ್ಕ ಕೈಯಲ್ಲಿರುತ್ತಿತ್ತು! ಕಾಡು ಬೆಳೆಯುವಷ್ಟನ್ನೇ ಕಡಿಯಬೇಕೆಂಬ ಅವರ ಯೋಜನೆ ನಿಂತದ್ದು ಈ ಗೀರುಗಳ ಮೇಲೆ.

ಅವರು ಸ್ಥಾಪಿಸಿದ ಡೆಹ್ರಾಡೂನಿನ ಅರಣ್ಯ ಶಾಲೆಯನ್ನೂ (1878) ನೆನಪಿಡಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ವರ್ಷದ ಅರಣ್ಯ ಕಾಯ್ದೆಗೆ ಮುನ್ನ ನಡೆದ ವಾದ. ಬ್ರಿಟಿಷ್ ಅಧಿಕಾರಿ ಬಿ.ಎಚ್. ಬೇಡನ್-ಪೊವೆಲ್ ಕಾಡಿನ ಮೇಲೆ ಸರ್ಕಾರದ ಪೂರ್ಣ ಒಡೆತನ ಬೇಕೆಂದರೆ, ಬ್ರಾಂಡಿಸ್ ಹಳ್ಳಿಗರ ಹಕ್ಕುಗಳಿಗೂ ಗ್ರಾಮ ಅರಣ್ಯಗಳಿಗೂ ಜಾಗ ಕೇಳಿದರು. ಗೆದ್ದದ್ದು ಸರ್ಕಾರದ ಹಿಡಿತವೇ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಬಿಡುವಿದ್ದರೆ ಕಲಘಟಗಿ ಕಡೆ ರಸ್ತೆ ಬದಿಯ ತೇಗಗಳನ್ನು ನಾಲ್ಕು ಕಡ್ಡಿ ಹಿಡಿದು ಎಣಿಸಿ ನೋಡಿ.