ಪಿಯಾನೊ ಸೊನಾಟಾದಲ್ಲಿ ಶುರುವಿನ ಟ್ಯೂನ್‌ಗಳೇ ಕೊನೆಗೆ ಮತ್ತೆ ಏಕೆ ಬರುತ್ತವೆ?

ಸೊನಾಟಾ ಎಂದರೆ ವಾದ್ಯಕ್ಕೆಂದು ಬರೆದ, ಸಾಮಾನ್ಯವಾಗಿ ಹಲವು ಭಾಗಗಳ ಪಾಶ್ಚಾತ್ಯ ಕೃತಿ. ಅದರಲ್ಲಿ ಟ್ಯೂನ್‌ಗಳು ಮತ್ತೆ ಬರುವುದು ನಿಜ, ಆದರೆ ಇದ್ದ ಹಾಗೇ ಅಲ್ಲ. ಎರಡನೆಯ ಟ್ಯೂನ್‌ನ ಶ್ರುತಿ ಬದಲಾಗಿರುತ್ತದೆ. ಗಮನಿಸಬೇಕಾದ್ದೂ ಅದನ್ನೇ. ಮೊಜಾರ್ಟ್ 1788ರಲ್ಲಿ ಬರೆದ ಸಿ ಮೇಜರ್ ಸೊನಾಟಾ (ಮೊಜಾರ್ಟ್ ಕೃತಿಗಳ ಪಟ್ಟಿಯಲ್ಲಿ ಕೆ. 545) ತೆಗೆದುಕೊಳ್ಳಿ. ಅದರ ಮೊದಲ ಭಾಗ ಸಿ ಸ್ವರವನ್ನು ಷಡ್ಜವಾಗಿಟ್ಟುಕೊಂಡು ಆರಂಭವಾಗುತ್ತದೆ. ಎರಡನೆಯ ಟ್ಯೂನ್ ಬರುವಷ್ಟರಲ್ಲಿ ಷಡ್ಜ ಜಿ ಸ್ವರಕ್ಕೆ, ಅಂದರೆ ಪಂಚಮಕ್ಕೆ, ಸರಿದಿರುತ್ತದೆ. ತಂಬೂರಿಯ ಒಂದೇ ಆಧಾರಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಹೀಗೆ ಷಡ್ಜ ಸರಿದಾಗ ಒಂದು ಬಿಗಿ ಹುಟ್ಟುತ್ತದೆ. ಕೊನೆಯಲ್ಲಿ ಅದೇ ಎರಡನೆಯ ಟ್ಯೂನ್ ಸಿಯಲ್ಲಿ ನುಡಿದಾಗ ಆ ಬಿಗಿ ಸಡಿಲವಾಗುತ್ತದೆ. (ತುಂಟ ಮೊಜಾರ್ಟ್ ಇಲ್ಲಿ ಮೊದಲ ಟ್ಯೂನನ್ನು ಎಫ್‌ನಲ್ಲಿ, ಅಂದರೆ ಮಧ್ಯಮದಲ್ಲಿ, ಮರಳಿ ತರುತ್ತಾನೆ, ಹಾಗೆ ಮಾಡುವುದು ಅಪರೂಪ.) ಎರಡನೆಯ ಟ್ಯೂನ್ ಬರುವ ಎರಡೂ ಜಾಗಗಳನ್ನು ಒಂದರ ಹಿಂದೊಂದು ಕೇಳಿ ನೋಡಿ.